ಸ್ತ್ರೀಶಸ್ತ್ರಚಿಕಿತ್ಸೆಯೂ ಅರಿವಳಿಕೆಯೂ: ಬಂದ ದಿನವೇ ಮನೆಗೆ ಮರಳುವ ರೋಗಿಯ ಸುರಕ್ಷತೆಯ ಚರಿತ್ರೆ

೧. ಪೀಠಿಕೆ

ಬಲ್ಲಾಳಕವಿಯ ಭೋಜಪ್ರಬಂಧದಲ್ಲಿ ವೈದ್ಯಚರಿತ್ರೆಯನ್ನು ಅಭ್ಯಾಸಮಾಡುವವರು ಆಗಾಗ್ಗೆ ಉದಾಹರಿಸುವ ಕಥೆಯೊಂದುಂಟು. ಧಾರಾಧೀಶನಾದ ಭೋಜನಿಗೆ ಅಸಾಧ್ಯವಾದ ತಲೆಬೇನೆ ಬಂದಿತು. ಆಸ್ಥಾನದ ವೈದ್ಯರೆಲ್ಲರೂ ಕೈಸೋತರು. ಆಗ ಅಶ್ವಿನೀದೇವತೆಗಳು ಬ್ರಾಹ್ಮಣವೇಷದಿಂದ ಬಂದು, ಮೋಹಚೂರ್ಣದಿಂದ ಅರಸನ ಪ್ರಜ್ಞೆಯನ್ನು ಕಳೆದು, ಕಪಾಲವನ್ನು ತೆರೆದು, ಒಳಗೆ ಸೇರಿಕೊಂಡಿದ್ದ ಮೀನುಗಳನ್ನು ಹೊರತೆಗೆದು, ಮತ್ತೆ ಕಪಾಲವನ್ನು ಕೂಡಿಸಿ, ಸಂಜೀವನಿಯಿಂದ ಆತನನ್ನು ಎಬ್ಬಿಸಿದರು.

ಇದು ಕಥೆಯೇ ಹೊರತು ಇತಿಹಾಸವಲ್ಲ. ಇದನ್ನು ಆಧಾರಮಾಡಿಕೊಂಡು ಧಾರಾನಗರದಲ್ಲಿ ಕಪಾಲದ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಿತೆಂದು ಸಾಧಿಸಹೊರಡುವುದು ಸಲ್ಲದು. ಆದರೆ ಕಥೆಯನ್ನು ಕಟ್ಟಿದವನ ವಿವೇಕವೊಂದನ್ನು ಗಮನಿಸಬೇಕಾಗಿದೆ. ಆತನು ವೈದ್ಯರ ಕೈಗೆ ಎರಡು ಔಷಧಗಳನ್ನು ಕೊಟ್ಟಿದ್ದಾನೆ. ಅರಿವನ್ನು ಕಳೆಯತಕ್ಕದ್ದು ಒಂದು, ಅರಿವನ್ನು ಮರಳಿ ತರತಕ್ಕದ್ದು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದನ್ನು ಯಾರೂ ಮುಟ್ಟಲಾಗದೆಂಬ ಭಾವವು ಕಥೆಯಲ್ಲಿ ಅಡಗಿದೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಪಾಶ್ಚಾತ್ಯವೈದ್ಯರಿಗೆ ನಿಜವಾದ ಮೋಹಚೂರ್ಣವು ದೊರೆಯಿತು. ೧೮೪೬ನೆಯ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರ್ ಆವಿಯನ್ನು ಎಲ್ಲರೆದುರಿಗೆ ಪ್ರಯೋಗಿಸಿದನು. ಮರುವರ್ಷವೇ ಕ್ಲೋರೋಫಾರಂ ಬಳಕೆಗೆ ಬಂದಿತು. ಸಂಜೀವನಿಯಾದರೋ ಅಷ್ಟು ಸುಲಭವಾಗಿ ಕೈಗೆ ಸಿಕ್ಕಲಿಲ್ಲ. ಅದನ್ನು ಹುಡುಕುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಬೆಳಗ್ಗೆ ಬಂದು, ಗರ್ಭಾಶಯಕ್ಕೋ ಗರ್ಭನಾಳಕ್ಕೋ ಸಣ್ಣದೊಂದು ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು, ಸಂಜೆಗೆ ಮನೆಗೆ ಹಿಂದಿರುಗುವ ಹೆಂಗಸಿನ ವಿಷಯದಲ್ಲಿ ಈ ಅನ್ವೇಷಣೆಯು ಹೇಗೆ ನಡೆಯಿತು, ಏನನ್ನು ಕಂಡುಕೊಂಡಿತು, ಎಲ್ಲಿ ಮರೆವಿಗೆ ಬಿದ್ದಿತು ಎಂಬುದೇ ಪ್ರಸ್ತುತ ಲೇಖನದ ವಿಷಯ.

೨. ಪ್ರಸವವೇದನೆ ಮತ್ತು ಮೊದಲ ಮರಣ

ಅರಿವಳಿಕೆಯ ಚರಿತ್ರೆಯಲ್ಲಿ ಸ್ತ್ರೀವೈದ್ಯಕ್ಕೆ ಮೊದಲಿನಿಂದಲೂ ಅಗ್ರಸ್ಥಾನವುಂಟು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಪ್ರಸೂತಿಶಾಸ್ತ್ರದ ಅಧ್ಯಾಪಕನಾಗಿದ್ದ ಜೇಮ್ಸ್ ಯಂಗ್ ಸಿಂಪ್ಸನ್ ೧೮೪೭ನೆಯ ಜನವರಿಯಲ್ಲಿ ಹೆರಿಗೆಯ ಸಮಯದಲ್ಲಿ ಈಥರನ್ನು ಕೊಟ್ಟನು. ಅದೇ ವರ್ಷದ ನವೆಂಬರ್ ೪ರ ರಾತ್ರಿ ತನ್ನ ಮನೆಯಲ್ಲಿ ಕೀತ್, ಡಂಕನ್ ಎಂಬ ಇಬ್ಬರು ಸಹಾಯಕರೊಡನೆ ಕ್ಲೋರೋಫಾರಮಿನ ಆವಿಯನ್ನು ತಾನೇ ಸೇವಿಸಿ ನೋಡಿದನು. ಕೆಲವೇ ದಿನಗಳಲ್ಲಿ ಅದು ಪ್ರಸೂತಿಗೃಹವನ್ನು ಪ್ರವೇಶಿಸಿತು. ಹೆಂಗಸು ನೋವಿನಿಂದಲೇ ಹೆರಬೇಕೆಂಬುದು ದೈವಾಜ್ಞೆಯೆಂದು ಕೆಲವರು ಬೈಬಲನ್ನು ಮುಂದೊಡ್ಡಿ ಆಕ್ಷೇಪಿಸಿದರು. ಆದಮನ ಪಕ್ಕೆಲುಬನ್ನು ತೆಗೆಯುವುದಕ್ಕೆ ಮುನ್ನ ದೇವರು ಅವನಿಗೆ ಗಾಢನಿದ್ರೆಯನ್ನು ಬರಿಸಿದನಷ್ಟೆ ಎಂದು ಸಿಂಪ್ಸನ್ ಅದೇ ಗ್ರಂಥದಿಂದ ಉತ್ತರಕೊಟ್ಟನು. ೧೮೫೩ನೆಯ ಏಪ್ರಿಲ್ ೭ರಂದು ವಿಕ್ಟೋರಿಯಾ ಮಹಾರಾಣಿಯು ಲಿಯೋಪೋಲ್ಡ್ ರಾಜಕುಮಾರನನ್ನು ಹೆತ್ತಾಗ ಜಾನ್ ಸ್ನೋ ಎಂಬ ವೈದ್ಯನು ಕೈವಸ್ತ್ರದ ಮೇಲೆ ಸ್ವಲ್ಪಸ್ವಲ್ಪವಾಗಿ ಕ್ಲೋರೋಫಾರಮನ್ನು ಸುರಿದು ೫೩ ನಿಮಿಷಗಳ ಕಾಲ ಕೊಟ್ಟನು. ಅಲ್ಲಿಂದ ಮುಂದೆ ಧಾರ್ಮಿಕ ಆಕ್ಷೇಪಣೆಯ ಬಲವು ಕುಂದಿತು.

ಅಷ್ಟರೊಳಗಾಗಿ ಬೇರೊಂದು ಆಕ್ಷೇಪಣೆಯು ಹುಟ್ಟಿದ್ದಿತು. ೧೮೪೮ನೆಯ ಜನವರಿ ೨೮ರಂದು, ಎಂದರೆ ಸಿಂಪ್ಸನ್ನನ ಪ್ರಯೋಗವು ನಡೆದು ಮೂರು ತಿಂಗಳು ತುಂಬುವುದರೊಳಗಾಗಿ, ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ವಿನ್ಲೇಟನ್ ಎಂಬ ಊರಿನಲ್ಲಿ ಹನ್ನಾ ಗ್ರೀನರ್ ಎಂಬ ೧೫ ವರ್ಷದ ಹುಡುಗಿಯು ಕ್ಲೋರೋಫಾರಂ ಸೇವನೆಯಿಂದ ಮರಣಹೊಂದಿದಳು. ಆಕೆಗೆ ಮಾಡಬೇಕಾಗಿದ್ದುದು ಕಾಲ್ಬೆರಳಿನ ಉಗುರನ್ನು ತೆಗೆಯುವ ಚಿಕಿತ್ಸೆ ಮಾತ್ರ. ಕೆಲವು ತಿಂಗಳ ಹಿಂದೆ ಇಂಥದೇ ಚಿಕಿತ್ಸೆಯು ನ್ಯೂಕಾಸಲಿನ ಆಸ್ಪತ್ರೆಯಲ್ಲಿ ಈಥರಿನ ಸಹಾಯದಿಂದ ನಿರಪಾಯವಾಗಿ ನಡೆದಿದ್ದಿತು. ಈ ಸಾರಿ ವೈದ್ಯನು ಮನೆಗೇ ಬಂದಿದ್ದನು. ಹುಡುಗಿ ಹೆದರಿಕೊಂಡು ಅಳುತ್ತಿದ್ದಳು. ಬಟ್ಟೆಯ ಮೇಲೆ ಒಂದು ಸಣ್ಣ ಚಮಚದಷ್ಟು ಕ್ಲೋರೋಫಾರಮನ್ನು ಹಾಕಿ ಮೂಗಿಗೆ ಹಿಡಿಯಲಾಯಿತು. ಶಸ್ತ್ರವು ತಗುಲಿದೊಡನೆ ಆಕೆ ಬೆಚ್ಚಿದಳು, ಮುಖವು ಬಿಳಿಚಿತು. ನೀರನ್ನೂ ಬ್ರಾಂಡಿಯನ್ನೂ ಬಾಯಿಗೆ ಹಾಕಿದರು. ಮೂರು ನಿಮಿಷಗಳೊಳಗೆ ಪ್ರಾಣವು ಹೋಗಿದ್ದಿತು.

ಮರಣವಿಚಾರಣೆಯ ಅಧಿಕಾರಿಯು ಈ ಪ್ರಸಂಗವನ್ನು ವಿಚಾರಿಸಿ ಎಲ್ಲವನ್ನೂ ಬರಹದಲ್ಲಿ ದಾಖಲುಮಾಡಿಸಿದನು. ಆ ಬರಹವನ್ನು ಓದಿದವರಲ್ಲಿ ಮತಭೇದವುಂಟಾಯಿತು. ಅರೆಪ್ರಜ್ಞೆಯಲ್ಲಿದ್ದವಳ ಬಾಯಿಗೆ ಹಾಕಿದ ನೀರು ಬ್ರಾಂಡಿಗಳಿಂದಲೇ ಉಸಿರುಕಟ್ಟಿತೆಂದು ಸಿಂಪ್ಸನ್ ವಾದಿಸಿದನು. ಬಟ್ಟೆಯ ಮೇಲಿನ ಆವಿಯು ಗಾಳಿಯೊಡನೆ ಎಷ್ಟು ಬೆರೆಯುತ್ತದೆಂಬುದಕ್ಕೆ ಅಳತೆಯಿಲ್ಲದುದರಿಂದ ಒಮ್ಮೆಲೇ ಅತಿಯಾದ ಪ್ರಮಾಣವು ಹೃದಯವನ್ನು ಮುಟ್ಟಿತೆಂದು ಸ್ನೋ ಹೇಳಿದನು. ಸ್ನೋ ಆವಿಯ ಪ್ರಮಾಣವನ್ನು ನಿಯಮದಲ್ಲಿಡುವ ಉಪಕರಣವನ್ನು ರಚಿಸಿದನು, ತನಗೆ ತಿಳಿದುಬಂದ ಒಂದೊಂದು ಮರಣದ ವಿವರವನ್ನೂ ಸಂಗ್ರಹಿಸಿದನು. ೧೮೫೮ರಲ್ಲಿ, ಆತನು ಗತಿಸಿದ ಮೇಲೆ, ಪ್ರಕಟವಾದ ಗ್ರಂಥದಲ್ಲಿ ಅಂಥ ೫೦ ಪ್ರಸಂಗಗಳ ವಿಮರ್ಶೆಯಿದೆ.

ಈ ಮೊದಲ ಮರಣದ ಲಕ್ಷಣಗಳನ್ನು ಪರ್ಯಾಲೋಚಿಸಬೇಕು. ರೋಗಿಯು ದೃಢಕಾಯಳು. ಚಿಕಿತ್ಸೆ ಅಲ್ಪವಾದುದು. ಸ್ಥಳವು ಆಸ್ಪತ್ರೆಯಲ್ಲ, ಮನೆ. ಶಸ್ತ್ರವನ್ನು ಹಿಡಿದವರ ಕಣ್ಣು ಉಗುರಿನ ಮೇಲಿದ್ದಿತು. ಶಸ್ತ್ರಚಿಕಿತ್ಸೆಗಳಲ್ಲಿ ಚಿಕ್ಕದು ದೊಡ್ಡದು ಎಂಬ ಭೇದವುಂಟು, ಆದರೆ ಅರಿವನ್ನು ಕಳೆಯುವುದರಲ್ಲಿ ಆ ಭೇದವಿಲ್ಲವೆಂಬ ಪಾಠವನ್ನು ಈ ಹುಡುಗಿಯ ಸಾವು ಮೊದಲ ವರ್ಷವೇ ಕಲಿಸಿದ್ದಿತು. ಕಲಿತದ್ದು ಮಾತ್ರ ಬಹಳ ತಡವಾಗಿ.

೩. ಬರಿಹೊಟ್ಟೆಯ ನಿಯಮ

ಸುಶ್ರುತಸಂಹಿತೆಯಲ್ಲಿ ಈ ವಿಷಯಕ್ಕೆ ಸಂಬಂಧಪಟ್ಟ ಎರಡು ವಿಧಿಗಳಿವೆ. ಸೂತ್ರಸ್ಥಾನದ ೧೭ನೆಯ ಅಧ್ಯಾಯದಲ್ಲಿ, ಶಸ್ತ್ರಕರ್ಮಕ್ಕೆ ಮುನ್ನ ರೋಗಿಗೆ ಇಷ್ಟವಾದ ಅನ್ನವನ್ನು ಉಣಿಸಬೇಕೆಂದೂ, ನೋವನ್ನು ಸೈರಿಸಲಾರದವನು ಮದ್ಯಪಾನದ ಅಭ್ಯಾಸವುಳ್ಳವನಾಗಿದ್ದರೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ಹೇಳಿದೆ. ಉಂಡವನು ಮೂರ್ಛೆಹೋಗುವುದಿಲ್ಲ, ಮತ್ತನಾದವನಿಗೆ ಶಸ್ತ್ರವು ತಿಳಿಯುವುದಿಲ್ಲ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಆದರೆ ಅದೇ ಸ್ಥಾನದ ೫ನೆಯ ಅಧ್ಯಾಯದಲ್ಲಿ ಇದಕ್ಕೆ ಅಪವಾದವುಂಟು. ಮೂಢಗರ್ಭ, ಉದರ, ಮೂಲವ್ಯಾಧಿ, ಅಶ್ಮರಿ, ಭಗಂದರ, ಮುಖರೋಗ ಇವುಗಳಲ್ಲಿ ಉಣ್ಣದವನಿಗೇ ಶಸ್ತ್ರಕರ್ಮವನ್ನು ಮಾಡತಕ್ಕದ್ದೆಂದು ವಿಧಿಸಿದೆ. ಗರ್ಭಿಣಿಗೆ ಒದಗುವ ಮೂಢಗರ್ಭವೇ ಈ ಪಟ್ಟಿಯಲ್ಲಿ ಮೊದಲನೆಯದು.

ಸಂಹಿತಾಕಾರನಿಗೆ ಆಧುನಿಕರ ಅರಿವಳಿಕೆ ತಿಳಿದಿರಲಿಲ್ಲವಾದ ಕಾರಣ ಎರಡು ವಿಧಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಹೊಟ್ಟೆಯ ಸ್ಥಿತಿಗೂ ಶಸ್ತ್ರಕರ್ಮಕ್ಕೂ ಇರುವ ಸಂಬಂಧವನ್ನು ರೋಗವನ್ನನುಸರಿಸಿ ವಿಂಗಡಿಸಿದ ವಿವೇಕವು ಅಲ್ಲಿ ಕಾಣುತ್ತದೆ. ಪಶ್ಚಿಮದಲ್ಲಿ ಇದರ ಮಹತ್ವವು ಸ್ತ್ರೀವೈದ್ಯದ ಮೂಲಕವೇ ಖಚಿತವಾಯಿತು. ನ್ಯೂಯಾರ್ಕಿನ ಪ್ರಸೂತಿಯ ಆಸ್ಪತ್ರೆಯಲ್ಲಿದ್ದ ಕರ್ಟಿಸ್ ಮೆಂಡಲ್ಸನ್ ಎಂಬ ವೈದ್ಯನು ೧೯೩೨ರಿಂದ ೧೯೪೫ರ ವರೆಗಿನ ೪೪,೦೧೬ ಗರ್ಭಿಣಿಯರ ದಾಖಲೆಗಳನ್ನು ಶೋಧಿಸಿ, ೬೬ ಮಂದಿಯಲ್ಲಿ ಅರಿವಳಿಕೆಯ ಕಾಲದಲ್ಲಿ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿದಿದ್ದಿತೆಂಬುದನ್ನು ೧೯೪೬ರಲ್ಲಿ ಪ್ರಕಟಿಸಿದನು. ಇಬ್ಬರು ಗಟ್ಟಿಯಾದ ಆಹಾರವು ಶ್ವಾಸನಾಳದಲ್ಲಿ ಸಿಕ್ಕಿಕೊಂಡು ಸತ್ತಿದ್ದರು. ಉಳಿದವರಲ್ಲಿ ಅನೇಕರಿಗೆ ಜಠರದ ಆಮ್ಲದಿಂದ ಶ್ವಾಸಕೋಶವು ಸುಟ್ಟಂತಾಗಿದ್ದಿತು.

ಆಸ್ಪತ್ರೆಯಲ್ಲಿ ಹಿಂದಿನ ರಾತ್ರಿಯೇ ಮಲಗಿರುವ ರೋಗಿಯು ಏನು ಉಂಡಿದ್ದಾಳೆಂಬುದು ದಾದಿಗೆ ತಿಳಿದಿರುತ್ತದೆ. ಬೆಳಗ್ಗೆ ಮನೆಯಿಂದ ಹೊರಟುಬರುವವಳ ವಿಷಯದಲ್ಲಿ ಅವಳನ್ನೇ ಕೇಳಬೇಕು, ಏತಕ್ಕೆ ಕೇಳುತ್ತಿರುವುದೆಂಬುದನ್ನು ಅವಳ ಮಾತಿನಲ್ಲೇ ತಿಳಿಸಿಹೇಳಬೇಕು. ದಿನಚಿಕಿತ್ಸೆಯ ಸುರಕ್ಷತೆಯು ಶಸ್ತ್ರಾಗಾರದಲ್ಲಲ್ಲ, ಹಿಂದಿನ ದಿನದ ಸಂಭಾಷಣೆಯಲ್ಲಿ ಪ್ರಾರಂಭವಾಗುತ್ತದೆ.

೪. ಹೈದರಾಬಾದಿನ ವಿವಾದ

ಅರಿವಳಿಕೆಯಿಂದ ಸಾಯುವವರು ಉಸಿರು ನಿಂತು ಸಾಯುತ್ತಾರೆಯೋ, ಹೃದಯವು ನಿಂತು ಸಾಯುತ್ತಾರೆಯೋ? ಸಿಂಪ್ಸನ್ನನ ಕಾಲದಿಂದಲೂ ಈ ಪ್ರಶ್ನೆಯು ಎರಡು ಸಂಪ್ರದಾಯಗಳನ್ನು ಹುಟ್ಟಿಸಿದ್ದಿತು. ಉಸಿರಾಟವನ್ನು ನೋಡುತ್ತಿರಬೇಕೆಂಬುದು ಎಡಿನ್‌ಬರೋ ಸಂಪ್ರದಾಯ. ನಾಡಿಯ ಮೇಲೆ ಬೆರಳಿಟ್ಟಿರಬೇಕೆಂಬುದು ಲಂಡನ್ನಿನ ಸಂಪ್ರದಾಯ. ಇದರ ನಿರ್ಣಯಕ್ಕಾಗಿ ನಡೆದ ಅತ್ಯಂತ ವಿಸ್ತಾರವಾದ ಪ್ರಯತ್ನವು ಯೂರೋಪಿನಲ್ಲಿ ನಡೆಯದೆ ದಕ್ಷಿಣಾಪಥದಲ್ಲಿ, ಹೈದರಾಬಾದಿನಲ್ಲಿ ನಡೆಯಿತೆಂಬುದು ಗಮನಾರ್ಹವಾದ ಸಂಗತಿ. ಬೀದರ, ಗುಲ್ಬರ್ಗ, ರಾಯಚೂರು ಮೊದಲಾದ ಕನ್ನಡ ಜಿಲ್ಲೆಗಳು ಅಂದು ಆ ಸಂಸ್ಥಾನಕ್ಕೆ ಸೇರಿದ್ದುವು. ೧೯೫೬ರಲ್ಲಿ ಅವು ವಿಶಾಲ ಮೈಸೂರಿನಲ್ಲಿ ಕೂಡಿದುವು. ಆದಕಾರಣ ಈ ವೃತ್ತಾಂತವು ಕನ್ನಡನಾಡಿನ ಚರಿತ್ರೆಗೂ ಹೊರಗಾದುದಲ್ಲ.

ಹೈದರಾಬಾದಿನ ರೆಸಿಡೆನ್ಸಿಯ ಶಸ್ತ್ರವೈದ್ಯನೂ ಅಲ್ಲಿನ ವೈದ್ಯಶಾಲೆಯ ಮುಖ್ಯಾಧಿಕಾರಿಯೂ ಆಗಿದ್ದ ಎಡ್ವರ್ಡ್ ಲಾರಿ ಎಡಿನ್‌ಬರೋದ ಜೇಮ್ಸ್ ಸೈಮನ ಶಿಷ್ಯ. ೧೮೮೮ರಲ್ಲಿ ಆತನ ಪ್ರೇರಣೆಯಿಂದ ಮೊದಲನೆಯ ಕ್ಲೋರೋಫಾರಂ ಆಯೋಗವು ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಉಸಿರಾಟವನ್ನು ಎಚ್ಚರದಿಂದ ಗಮನಿಸಿದರೆ ಹೃದಯದ ಭಯವಿಲ್ಲವೆಂದು ತೀರ್ಮಾನಿಸಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯು ಇದನ್ನು ಒಪ್ಪಲಿಲ್ಲ. ಆಗ ಆರನೆಯ ನಿಜಾಮನಾದ ಮಹಬೂಬ್ ಅಲಿ ಖಾನನು ಆ ಪತ್ರಿಕೆಯು ಆರಿಸುವ ತಜ್ಞನನ್ನು ಕರೆಸಿಕೊಳ್ಳುವುದಕ್ಕಾಗಿ ೧,೦೦೦ ಪೌಂಡುಗಳನ್ನು ಕೊಡುವೆನೆಂದನು. ಅದರಂತೆ ಔಷಧಶಾಸ್ತ್ರಜ್ಞನಾದ ಲಾಡರ್ ಬ್ರಂಟನ್ ೧೮೮೯ರಲ್ಲಿ ಹೈದರಾಬಾದಿಗೆ ಬಂದನು. ಲಾರಿ, ಬ್ರಂಟನ್, ಬಾಮ್‌ಫರ್ಡ್, ರುಸ್ತುಂಜಿ ಇವರನ್ನೊಳಗೊಂಡ ಎರಡನೆಯ ಆಯೋಗವು ನಾಯಿ, ಕೋತಿ, ಆಡು ಮೊದಲಾದ ನೂರಾರು ಪ್ರಾಣಿಗಳ ಮೇಲೆ ಪ್ರಯೋಗಮಾಡಿತು. ಹೃದಯದ ಅಪಾಯವೇ ಪ್ರಧಾನವೆಂದು ನಂಬಿಕೊಂಡು ಬಂದಿದ್ದ ಬ್ರಂಟನ್ ಪಕ್ಷವನ್ನು ಬದಲಾಯಿಸಿದನು. ಉಸಿರು ಮೊದಲು ನಿಲ್ಲುತ್ತದೆ, ಹೃದಯವು ಅನಂತರ ನಿಲ್ಲುತ್ತದೆ ಎಂಬ ವರದಿಯು ೧೮೯೦ರಲ್ಲಿ ಪ್ರಕಟವಾಯಿತು. ಕ್ಲೋರೋಫಾರಮನ್ನು ಕೊಡುವವನು ಆದ್ಯಂತವೂ ಉಸಿರಾಟವನ್ನೇ ನೋಡುತ್ತಿರಬೇಕು, ಅದಕ್ಕೆ ಯಾವ ಅಡ್ಡಿಯೂ ಬಾರದಂತೆ ಉಡುಪನ್ನು ಸಡಿಲಿಸಬೇಕು, ದವಡೆಯನ್ನು ಮೇಲಕ್ಕೆತ್ತಬೇಕು ಎಂಬುವೇ ಅದರ ಮುಖ್ಯವಾದ ವ್ಯಾವಹಾರಿಕ ನಿಯಮಗಳು.

ಶಾಸ್ತ್ರದೃಷ್ಟಿಯಿಂದ ಆಯೋಗದ ಸಿದ್ಧಾಂತವು ನಿಲ್ಲಲಿಲ್ಲ. ೧೯೧೧ರಲ್ಲಿ ಗುಡ್‌ಮನ್ ಲೆವಿ ಎಂಬಾತನು, ಕ್ಲೋರೋಫಾರಮನ್ನು ಅಲ್ಪವಾಗಿ ಕೊಟ್ಟ ಬೆಕ್ಕುಗಳಲ್ಲಿ ಅಡ್ರಿನಲಿನ್ ದ್ರವವು ರಕ್ತಕ್ಕೆ ಸೇರಿದಾಗ ಹೃದಯವು ತಾಳತಪ್ಪಿ ನಡುಗಿ ಒಮ್ಮೆಲೇ ನಿಂತುಹೋಗುವುದೆಂದು ತೋರಿಸಿಕೊಟ್ಟನು. ಭಯದಲ್ಲಿಯೂ ನೋವಿನಲ್ಲಿಯೂ ದೇಹವು ತಾನಾಗಿಯೇ ಈ ದ್ರವವನ್ನು ರಕ್ತಕ್ಕೆ ಬಿಡುತ್ತದೆ. ಅರೆನಿದ್ರೆಯಲ್ಲಿ ಶಸ್ತ್ರವು ತಗುಲಿ ಬೆಚ್ಚಿದ ಹನ್ನಾ ಗ್ರೀನರಳ ಸಾವು ಈ ಬೆಳಕಿನಲ್ಲಿ ಹೊಸ ಅರ್ಥವನ್ನು ಪಡೆಯುತ್ತದೆ. ಸ್ವಲ್ಪವೇ ಕೊಟ್ಟರೆ ಅಪಾಯವಿಲ್ಲವೆಂಬ ನಂಬಿಕೆಯು ಲೆವಿಯಿಂದ ಮುರಿದುಬಿದ್ದಿತು. ಹೀಗೆ ಹೈದರಾಬಾದಿನವರು ವಾದದಲ್ಲಿ ಸೋತರು. ಆದರೆ ಅವರ ನಿಯಮವು ಉಳಿಯಿತು. ಅರಿವಳಿಕೆಯನ್ನು ಕೊಡುವವನಿಗೆ ಉಸಿರನ್ನು ನೋಡುವುದರ ಹೊರತು ಬೇರೆ ಕೆಲಸವಿರಬಾರದೆಂಬ ತತ್ತ್ವವನ್ನು ಅನಂತರ ಬಂದವರಾರೂ ಅಲ್ಲಗಳೆಯಲಿಲ್ಲ.

ಹೈದರಾಬಾದಿನ ವೈದ್ಯಶಾಲೆಯು ಇನ್ನೊಂದು ಕಾರಣದಿಂದಲೂ ಸ್ಮರಣೀಯವಾಗಿದೆ. ಲಾರಿಯ ಪ್ರೋತ್ಸಾಹದಿಂದ ೧೮೮೫ರಲ್ಲಿ ಅಲ್ಲಿ ಸ್ತ್ರೀಯರಿಗೂ ಪ್ರವೇಶವು ದೊರೆಯಿತು. ಅವರಲ್ಲಿ ಒಬ್ಬರಾದ ರೂಪಾಬಾಯಿ ಫರ್ದೂಂಜಿಯವರು ಕ್ಲೋರೋಫಾರಂ ಕೊಡುವುದನ್ನೇ ಮುಖ್ಯವೃತ್ತಿಯಾಗಿ ಮಾಡಿಕೊಂಡು ಹೈದರಾಬಾದಿನ ಆಸ್ಪತ್ರೆಗಳಲ್ಲಿ ಸೇವೆಸಲ್ಲಿಸಿದರು. ೧೯೦೯ರಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಎಡಿನ್‌ಬರೋಗೆ ತೆರಳಿದರು. ಜಗತ್ತಿನ ಮೊದಲ ಅರಿವಳಿಕೆಯ ವೈದ್ಯೆ ಎಂದು ಚರಿತ್ರಕಾರರು ಅವರನ್ನು ಗುರುತಿಸುತ್ತಾರೆ. ಗೋಷಾಪದ್ಧತಿಯಿದ್ದ ಆ ಕಾಲದ ಊರಿನಲ್ಲಿ, ಪ್ರಜ್ಞೆತಪ್ಪಿ ಮಲಗಿದ ಹೆಂಗಸಿನ ತಲೆಯ ಬಳಿ ಇನ್ನೊಬ್ಬ ಹೆಂಗಸು ಕುಳಿತಿರುತ್ತಾಳೆಂಬುದು ರೋಗಿಗೆ ಎಷ್ಟರಮಟ್ಟಿನ ಧೈರ್ಯವನ್ನು ಕೊಟ್ಟಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

೫. ಮನೆಗೆ ಮರಳುವ ದಾರಿ

ಶಸ್ತ್ರಚಿಕಿತ್ಸೆಯಾದವರು ವಾರಗಟ್ಟಲೆ ಹಾಸಿಗೆಯಲ್ಲಿರಬೇಕೆಂಬುದು ಹಿಂದಿನ ನಿಯಮ. ಇದನ್ನು ಮೊದಲು ಪ್ರಶ್ನಿಸಿದವರಲ್ಲಿ ಚಿಕಾಗೋ ನಗರದ ಸ್ತ್ರೀರೋಗವೈದ್ಯನಾದ ಎಮಿಲ್ ರೀಸ್ ಒಬ್ಬನು. ಉದರದ ಶಸ್ತ್ರಚಿಕಿತ್ಸೆಯಾದ ಹೆಂಗಸರನ್ನು ಬೇಗನೆ ಎಬ್ಬಿಸಿ ನಡೆದಾಡಿಸುವುದು ಹಿತಕರವೆಂದು ಆತನು ೧೮೯೯ರಲ್ಲಿ ಬರೆದನು. ಅದೇ ಕಾಲದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮಕ್ಕಳ ಚಿಕಿತ್ಸಾಲಯದಲ್ಲಿ ಜೇಮ್ಸ್ ನಿಕೋಲ್ ಎಂಬ ಶಸ್ತ್ರವೈದ್ಯನು ೧೮೯೯ರಿಂದ ೧೯೦೮ರ ವರೆಗೆ ೮,೯೮೮ ಶಸ್ತ್ರಚಿಕಿತ್ಸೆಗಳನ್ನು ಹೊರರೋಗಿಗಳಿಗೇ ಮಾಡಿ, ಅದರ ವರದಿಯನ್ನು ೧೯೦೯ರಲ್ಲಿ ಬ್ರಿಟಿಷ್ ವೈದ್ಯಸಂಘದ ಮುಂದೆ ಓದಿದನು. ತಾಯಿಯ ಆರೈಕೆಗಿಂತ ಮೇಲಾದ ಆರೈಕೆ ಮಗುವಿಗಿಲ್ಲವೆಂಬುದು ಆತನ ವಾದ. ಆದರೆ ಆತನು ಮಗುವನ್ನು ಮನೆಗೆ ಕಳುಹಿಸಿ ಕೈತೊಳೆದುಕೊಳ್ಳಲಿಲ್ಲ. ದಾದಿಯರು ಮನೆಗೆ ಹೋಗಿ ನೋಡಿಬರುವ ಏರ್ಪಾಡು ಅದರೊಡನೆ ಸೇರಿದ್ದಿತು.

೧೯೧೯ರಲ್ಲಿ ಅಮೆರಿಕದ ರಾಲ್ಫ್ ವಾಟರ್ಸ್ ಎಂಬ ಅರಿವಳಿಕೆಯ ವೈದ್ಯನು ಸೂ ಸಿಟಿ ಎಂಬ ಊರಿನ ಪೇಟೆಯ ನಡುವೆ ತಾನು ನಡೆಸುತ್ತಿದ್ದ ಸಣ್ಣ ಚಿಕಿತ್ಸಾಲಯದ ವೃತ್ತಾಂತವನ್ನು ಪ್ರಕಟಿಸಿದನು. ಅಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯೊಡನೆ, ರೋಗಿಯು ಚೇತರಿಸಿಕೊಳ್ಳುವ ತನಕ ಮಲಗಿರಲು ಬೇರೊಂದು ಕೋಣೆಯೂ ಇದ್ದಿತು. ೧೯೭೦ರಲ್ಲಿ ಫೀನಿಕ್ಸ್ ನಗರದಲ್ಲಿ ವಾಲೇಸ್ ರೀಡ್, ಜಾನ್ ಫೋರ್ಡ್ ಎಂಬ ಇಬ್ಬರು ಅರಿವಳಿಕೆಯ ವೈದ್ಯರು ಆಸ್ಪತ್ರೆಗೆ ಸೇರದ ಸ್ವತಂತ್ರ ದಿನಚಿಕಿತ್ಸಾಲಯವನ್ನು ಸ್ಥಾಪಿಸಿದ ಮೇಲೆ ಈ ಪದ್ಧತಿಯು ಎಲ್ಲೆಡೆಯೂ ಹರಡಿತು. ದಿನಚಿಕಿತ್ಸಾಲಯಗಳ ಮೂಲಪುರುಷರಲ್ಲಿ ಅರಿವಳಿಕೆಯ ವೈದ್ಯರೇ ಮುಂದಾಗಿರುವುದು ಆಕಸ್ಮಿಕವಲ್ಲ. ರೋಗಿಯು ಯಾವಾಗ ಮನೆಗೆ ಹೋಗಬಹುದೆಂಬುದನ್ನು ಗಾಯಕ್ಕಿಂತ ಹೆಚ್ಚಾಗಿ ಅರಿವೇ ನಿರ್ಣಯಿಸುತ್ತದೆ.

ಆ ನಿರ್ಣಯಕ್ಕೂ ಒಂದು ಅಳತೆಗೋಲು ದೊರೆಯಿತು. ೧೯೭೦ರಲ್ಲಿ ಆಲ್ಡ್ರೆಟ್ ಮತ್ತು ಕ್ರೂಲಿಕ್ ಎಂಬವರು ಅಂಗಗಳ ಚಲನೆ, ಉಸಿರಾಟ, ರಕ್ತಸಂಚಾರ, ಎಚ್ಚರ, ಮೈಬಣ್ಣ ಎಂಬ ಐದು ಲಕ್ಷಣಗಳಿಗೆ ಒಂದೊಂದಕ್ಕೆ ಎರಡರಂತೆ ಹತ್ತು ಅಂಕಗಳನ್ನು ಗೊತ್ತುಮಾಡಿದರು. ಚೇತರಿಕೆಯ ಕೋಣೆಯಿಂದ ರೋಗಿಯನ್ನು ಕಳುಹಿಸುವ ಮುನ್ನ ದಾದಿಯು ಈ ಅಂಕಗಳನ್ನು ಬರೆಯುವುದು ರೂಢಿಗೆ ಬಂದಿತು. ೧೯೭೪ರಲ್ಲಿ ಜಪಾನಿನ ತಕುವೊ ಅವೊಯಾಗಿ ಎಂಬ ಯಂತ್ರಜ್ಞನು, ರಕ್ತದಲ್ಲಿ ಆಮ್ಲಜನಕವೆಷ್ಟಿದೆಯೆಂಬುದನ್ನು ಚರ್ಮದ ಮೂಲಕ ಹಾಯುವ ಬೆಳಕಿನಿಂದ ನಾಡಿಮಿಡಿತದೊಡನೆ ಅಳೆಯುವ ತತ್ತ್ವವನ್ನು ಪ್ರಕಟಪಡಿಸಿದನು. ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಉಪಕರಣದಲ್ಲಿ ನಾಡಿಯೂ ಉಸಿರಿನ ಫಲವೂ ಒಟ್ಟಿಗೆ ಕಾಣುತ್ತವೆ. ಎಡಿನ್‌ಬರೋ ಲಂಡನ್ನುಗಳ ನೂರು ವರ್ಷದ ಜಗಳವು ಒಂದು ಬೆರಳ ತುದಿಯಲ್ಲಿ ತೀರಿತೆನ್ನಬಹುದು.

ಈ ಎಲ್ಲ ಏರ್ಪಾಡುಗಳಿರುವಲ್ಲಿ ದಿನಚಿಕಿತ್ಸೆಯು ಎಷ್ಟರಮಟ್ಟಿಗೆ ನಿರಪಾಯವಾದುದೆಂಬುದಕ್ಕೆ ಅಮೆರಿಕದ ಮೇಯೋ ಚಿಕಿತ್ಸಾಲಯದಿಂದ ೧೯೯೩ರಲ್ಲಿ ಪ್ರಕಟವಾದ ಸಮೀಕ್ಷೆಯು ಸಾಕ್ಷಿ. ಸ್ತ್ರೀಪುರುಷರಿಬ್ಬರನ್ನೂ ಒಳಗೊಂಡ ೩೮,೫೯೮ ರೋಗಿಗಳಿಗೆ ೪೫,೦೯೦ ಚಿಕಿತ್ಸೆಗಳು ನಡೆದುವು. ಮೂವತ್ತು ದಿನಗಳೊಳಗೆ ತೀವ್ರವಾದ ತೊಂದರೆಗೆ ಅಥವಾ ಮರಣಕ್ಕೆ ಗುರಿಯಾದವರು ೩೩ ಮಂದಿ, ಅವರಲ್ಲಿ ಸತ್ತವರು ನಾಲ್ವರು. ಆ ನಾಲ್ವರಲ್ಲಿ ಇಬ್ಬರು ಹೃದಯಾಘಾತದಿಂದಲೂ ಇಬ್ಬರು ಮೋಟಾರು ಅಪಘಾತದಿಂದಲೂ ಸತ್ತರು.

೬. ಉದರದರ್ಶಕವೂ ಉಸಿರೂ

ದಿನಚಿಕಿತ್ಸೆಯು ಸ್ತ್ರೀವೈದ್ಯದಲ್ಲಿ ವ್ಯಾಪಕವಾದುದು ಲ್ಯಾಪರೋಸ್ಕೋಪ್ ಎಂಬ ಉದರದರ್ಶಕ ನಳಿಗೆಯಿಂದ. ೧೯೪೦ರ ದಶಕದಲ್ಲಿ ಪ್ಯಾರಿಸ್ಸಿನ ರಾವುಲ್ ಪಾಮರ್ ಇದನ್ನು ಸ್ತ್ರೀರೋಗಗಳ ಪರೀಕ್ಷೆಗೆ ಅಳವಡಿಸಿದನು. ೧೯೬೭ರಲ್ಲಿ ಇಂಗ್ಲೆಂಡಿನ ಓಲ್ಡಮ್ಮಿನ ಪ್ಯಾಟ್ರಿಕ್ ಸ್ಟೆಪ್ಟೋ ಇದನ್ನು ಕುರಿತು ಗ್ರಂಥವನ್ನೇ ಬರೆದನು. ಹೊಕ್ಕುಳಿನ ಬಳಿ ಸಣ್ಣ ರಂಧ್ರವನ್ನು ಮಾಡಿ, ಉದರವನ್ನು ಇಂಗಾಲಾಮ್ಲವಾಯುವಿನಿಂದ ಉಬ್ಬಿಸಿ, ನಳಿಗೆಯ ಮೂಲಕ ಒಳಗನ್ನು ನೋಡುತ್ತ ಗರ್ಭನಾಳಗಳನ್ನು ಮುಚ್ಚುವುದು ಕೆಲವೇ ನಿಮಿಷಗಳ ಕೆಲಸವಾಯಿತು. ಗಾಯವು ಬೆರಳಿನಗಲಕ್ಕಿಂತ ಚಿಕ್ಕದು. ಆದರೆ ಉಬ್ಬಿದ ಉದರವು ವಪೆಯನ್ನು ಮೇಲಕ್ಕೆ ತಳ್ಳುತ್ತದೆ. ತಲೆಯನ್ನು ತಗ್ಗಿಸಿ ಮಲಗಿಸುವುದರಿಂದ ಶ್ವಾಸಕೋಶಕ್ಕೆ ಇನ್ನೂ ಇಕ್ಕಟ್ಟಾಗುತ್ತದೆ. ತುಂಬಿದ ವಾಯುವು ರಕ್ತಕ್ಕೆ ಸೇರುತ್ತದೆ. ಉದರದ ಪೊರೆಯು ಒಮ್ಮೆಲೇ ಬಿಗಿದಾಗ ಹೃದಯದ ಗತಿಯು ಕೆಲವರಲ್ಲಿ ಮಂದವಾಗುತ್ತದೆ. ಗಾಯವು ಚಿಕ್ಕದಾದಷ್ಟೂ ಉಸಿರಿನ ಮೇಲಿನ ಹೊರೆ ಚಿಕ್ಕದಾಗುವುದಿಲ್ಲವೆಂಬುದು ಇದರ ವೈಚಿತ್ರ್ಯ.

ಅಮೆರಿಕ ಸಂಯುಕ್ತಸಂಸ್ಥಾನದಲ್ಲಿ ೧೯೭೭ರಿಂದ ೧೯೮೧ರ ವರೆಗೆ ಗರ್ಭನಾಳಗಳ ಶಸ್ತ್ರಚಿಕಿತ್ಸೆಯಿಂದ ಉಂಟಾದ ೨೯ ಮರಣಗಳನ್ನು ಅಲ್ಲಿನ ಆರೋಗ್ಯಾಧಿಕಾರಿಗಳು ಒಂದೊಂದಾಗಿ ಪರೀಕ್ಷಿಸಿ ೧೯೮೩ರಲ್ಲಿ ವರದಿಯನ್ನು ಪ್ರಕಟಿಸಿದರು. ಅವುಗಳಲ್ಲಿ ೧೧ ಅರಿವಳಿಕೆಯ ತೊಡಕುಗಳಿಂದಲೂ, ೭ ಸೋಂಕಿನಿಂದಲೂ, ೪ ರಕ್ತಸ್ರಾವದಿಂದಲೂ ಆದುವು. ಅರಿವಳಿಕೆಯ ಮರಣಗಳಲ್ಲಿ ಅರ್ಧಕ್ಕೂ ಹೆಚ್ಚು ಉಸಿರಾಟವು ಸಾಲದೆ ಹೋದುದರಿಂದ, ಶ್ವಾಸನಾಳಕ್ಕೆ ನಳಿಗೆಯನ್ನು ಹಾಕದೆ ಪೂರ್ಣ ಅರಿವಳಿಕೆಯನ್ನು ಕೊಟ್ಟವರಲ್ಲಿ ಸಂಭವಿಸಿದ್ದುವು. ಹೈದರಾಬಾದಿನ ಆಯೋಗವು ಬೋಧಿಸಿದ್ದ ನಿಯಮವನ್ನೇ ತೊಂಬತ್ತು ವರ್ಷಗಳ ಮೇಲೆ ಈ ಹೆಂಗಸರ ಮರಣಗಳು ಮತ್ತೊಮ್ಮೆ ಸಾರಿದುವು.

೭. ಶಿಬಿರಗಳು

೧೯೩೦ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ಬೆಂಗಳೂರು ಮೈಸೂರುಗಳಲ್ಲಿ ಸಂತಾನನಿಯಂತ್ರಣದ ಸಲಹಾಕೇಂದ್ರಗಳನ್ನು ತೆರೆಯಿತು. ಸರಕಾರವೇ ತೆರೆದ ಇಂಥ ಕೇಂದ್ರಗಳಲ್ಲಿ ಇವೇ ಜಗತ್ತಿನಲ್ಲಿ ಮೊದಲನೆಯವೆಂದು ಪರಿಗಣಿಸಲಾಗಿದೆ. ೧೯೫೨ರಲ್ಲಿ ಭಾರತ ಸರಕಾರವು ಕುಟುಂಬಯೋಜನೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ೧೯೭೫ರಿಂದ ೧೯೭೭ರ ತುರ್ತುಪರಿಸ್ಥಿತಿಯಲ್ಲಿ ಗಂಡಸರ ಮೇಲೆ ನಡೆದ ಬಲಾತ್ಕಾರದ ಶಸ್ತ್ರಚಿಕಿತ್ಸೆಗಳಿಂದ ಜನರು ಕೆರಳಿದ ಮೇಲೆ ಈ ಭಾರವೆಲ್ಲವೂ ಹೆಂಗಸರ ಪಾಲಿಗೆ ಬಂದಿತು. ಉದರದರ್ಶಕವು ಆ ಕಾಲಕ್ಕೆ ಸರಿಯಾಗಿ ಒದಗಿತು. ೨೦೧೯ರಿಂದ ೨೦೨೧ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಸ್ತ್ರೀಯರಲ್ಲಿ ಶೇಕಡ ೩೭.೯ರಷ್ಟು ಮಂದಿ ಸಂತಾನಶಕ್ತಿಹರಣ ಚಿಕಿತ್ಸೆಯನ್ನು ಮಾಡಿಸಿಕೊಂಡವರು. ಗಂಡಸರ ಚಿಕಿತ್ಸೆಯನ್ನು ಅವಲಂಬಿಸಿದವರು ಶೇಕಡ ೦.೩ ಮಾತ್ರ. ಕರ್ಣಾಟಕದಲ್ಲಿ ಅಂಥ ಸ್ತ್ರೀಯರು ಅರ್ಧಕ್ಕೂ ಮಿಗಿಲಾಗಿದ್ದಾರೆ. ಹಳ್ಳಿಗಳಲ್ಲಿ ‘ಆ ಆಪರೇಷನ್’ ಎಂದರೆ ಬೇರೆ ವಿವರಣೆ ಬೇಕಾಗಿಲ್ಲ.

ಈ ಚಿಕಿತ್ಸೆಗಳಲ್ಲಿ ಬಹುಭಾಗವು ಶಿಬಿರಗಳಲ್ಲಿ ನಡೆದುವು. ಪೂರ್ಣ ಅರಿವಳಿಕೆಗೆ ಬದಲಾಗಿ ಮಂಪರು ಬರಿಸುವ ಔಷಧದೊಡನೆ ಗಾಯದ ಸ್ಥಳವನ್ನು ಮಾತ್ರ ಮರಗಟ್ಟಿಸುವ ಚುಚ್ಚುಮದ್ದನ್ನು ಉಪಯೋಗಿಸುವುದು ಅಲ್ಲಿನ ಕ್ರಮ. ಸರಿಯಾಗಿ ನಡೆದರೆ ಇದು ಪೂರ್ಣ ಅರಿವಳಿಕೆಗಿಂತ ನಿರಪಾಯವಾದುದೇ. ಮೂರು ಉದರದರ್ಶಕಗಳಿರುವ ಒಂದು ತಂಡವು ದಿನಕ್ಕೆ ೩೦ಕ್ಕಿಂತ ಹೆಚ್ಚು ಚಿಕಿತ್ಸೆಗಳನ್ನು ಮಾಡಕೂಡದೆಂದು ಕೇಂದ್ರಸರಕಾರವು ನಿಯಮಿಸಿದ್ದಿತು. ಆದರೂ ೨೦೧೨ನೆಯ ಜನವರಿ ೭ರಂದು ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ ರಾತ್ರಿ ಎರಡು ಗಂಟೆಗಳ ಅವಧಿಯಲ್ಲಿ ೫೩ ಹೆಂಗಸರಿಗೆ ಚಿಕಿತ್ಸೆ ನಡೆಯಿತು. ೨೦೧೪ನೆಯ ನವೆಂಬರ್ ೮ರಂದು ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ, ಬಳಕೆಯಲ್ಲಿಲ್ಲದ ಆಸ್ಪತ್ರೆಯ ಕಟ್ಟಡವೊಂದರಲ್ಲಿ, ಒಬ್ಬನೇ ಶಸ್ತ್ರವೈದ್ಯನು ಕೆಲವೇ ಗಂಟೆಗಳಲ್ಲಿ ೮೩ ಹೆಂಗಸರಿಗೆ ಚಿಕಿತ್ಸೆಮಾಡಿದನು. ಮನೆಗೆ ಮರಳಿದವರು ವಾಂತಿ, ಹೊಟ್ಟೆನೋವುಗಳಿಂದ ನರಳತೊಡಗಿದರು. ಆ ಜಿಲ್ಲೆಯ ಶಿಬಿರಗಳಿಗೆ ಹೋಗಿದ್ದವರಲ್ಲಿ ಹದಿಮೂರು ಮಂದಿ ಸತ್ತರು. ಸೋಂಕೇ ಕಾರಣವೋ, ಕೊಟ್ಟ ಮಾತ್ರೆಗಳಲ್ಲಿ ವಿಷವು ಬೆರೆತಿದ್ದಿತೋ ಎಂದು ವಿವಾದ ನಡೆಯಿತು. ಕಾರಣವು ಯಾವುದೇ ಆಗಲಿ, ಗ್ಲಾಸ್ಗೋವಿನ ನಿಕೋಲನ ದಾದಿಯರಂತೆ ಮನೆಗೆ ಹೋಗಿ ನೋಡಿಬರುವವರು ಅಲ್ಲಿರಲಿಲ್ಲ. ಚಿಕಿತ್ಸೆಯ ಚಿಕ್ಕತನ, ಬಂದ ದಿನವೇ ಮರಳುವ ಸೌಕರ್ಯ, ಎರಡೂ ಅಲ್ಲಿ ಉಪೇಕ್ಷೆಗೆ ನೆವವಾಗಿದ್ದುವು.

ಸುಶ್ರುತನು ಚಿಕಿತ್ಸಾಸ್ಥಾನದಲ್ಲಿ ಮೂಢಗರ್ಭದ ಶಸ್ತ್ರಕರ್ಮವನ್ನು ಹೇಳುವಾಗ, ಅಧಿಪತಿಯನ್ನು ಕೇಳಿ ಅಪ್ಪಣೆಪಡೆದು ಪರಮಯತ್ನದಿಂದ ತೊಡಗಬೇಕೆನ್ನುತ್ತಾನೆ. ಅಪಾಯವುಳ್ಳ ಕಾರ್ಯಕ್ಕೆ ಅನುಮತಿ ಬೇಕೆಂಬ ಅರಿವು ಅಲ್ಲಿದೆ, ಆದರೆ ಅನುಮತಿಯನ್ನು ಕೊಡತಕ್ಕವನು ಅಧಿಪತಿ. ಶಿಬಿರಗಳ ಕಾಲಕ್ಕೆ ಅನುಮತಿಪತ್ರದ ಮೇಲೆ ಹೆಂಗಸಿನದೇ ಹೆಬ್ಬೆಟ್ಟು ಬಂದಿತು. ಅದರಲ್ಲಿ ಬರೆದುದನ್ನು ಆಕೆಗೆ ಓದಿಹೇಳಿದರೆ ಎಂಬುದು ಬೇರೆ ಪ್ರಶ್ನೆ. ೨೦೧೬ನೆಯ ಸೆಪ್ಟೆಂಬರ್ ೧೪ರಂದು ದೇವಿಕಾ ಬಿಸ್ವಾಸರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಲ್ಲಿ, ಮೂರು ವರ್ಷಗಳೊಳಗೆ ಶಿಬಿರಪದ್ಧತಿಯನ್ನು ನಿಲ್ಲಿಸುವಂತೆ ಪ್ರಯತ್ನಿಸಬೇಕೆಂದೂ, ಚಿಕಿತ್ಸೆಯ ಪರಿಣಾಮಗಳನ್ನು ಹೆಂಗಸಿಗೆ ಅವಳಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದೂ, ಮರಣಗಳ ವಿಚಾರಣೆಯ ವಿವರಗಳನ್ನು ಸಾರ್ವಜನಿಕರಿಗೆ ತಿಳಿಯುವಂತೆ ಪ್ರಕಟಿಸಬೇಕೆಂದೂ ಆಜ್ಞಾಪಿಸಲಾಯಿತು.

೮. ಉಪಸಂಹಾರ

ಮೇಲಿನ ವೃತ್ತಾಂತದಿಂದ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ಬಂದ ದಿನವೇ ಮರಳುವ ಚಿಕಿತ್ಸೆಯು ತನ್ನಷ್ಟಕ್ಕೆ ತಾನು ಅಪಾಯಕರವಾದುದಲ್ಲ. ರೋಗಿಯನ್ನು ಆರಿಸುವುದರಲ್ಲಿ, ಉಸಿರನ್ನು ಕಾಯುವುದರಲ್ಲಿ, ಎಚ್ಚರವನ್ನು ಪರೀಕ್ಷಿಸುವುದರಲ್ಲಿ, ಮನೆಗೆ ಹೋದ ಮೇಲೆ ವಿಚಾರಿಸುವುದರಲ್ಲಿ ಒಂದನ್ನಾದರೂ ಬಿಟ್ಟಲ್ಲಿ ಮಾತ್ರ ಅದು ಅಪಾಯಕರವಾಗಿದೆ. ಎರಡನೆಯದಾಗಿ, ಈ ಜ್ಞಾನವೆಲ್ಲವೂ ಬರೆದಿಟ್ಟ ಮರಣಗಳಿಂದ ಬಂದುದು. ವಿನ್ಲೇಟನ್ನಿನ ಹುಡುಗಿಯ ಮರಣವಿಚಾರಣೆ, ಸ್ನೋ ಸಂಗ್ರಹಿಸಿದ ೫೦ ಪ್ರಸಂಗಗಳು, ಮೆಂಡಲ್ಸನ್ನನ ೬೬ ಗರ್ಭಿಣಿಯರು, ಅಮೆರಿಕದ ೨೯ ಹೆಂಗಸರು, ಇವುಗಳಲ್ಲಿ ಒಂದೊಂದನ್ನೂ ಯಾರೋ ಒಬ್ಬರು ಕುಳಿತು ಬರೆದುದರಿಂದ ಮುಂದಿನವರು ಬದುಕಿದರು. ಬಿಲಾಸಪುರದ ಹದಿಮೂರು ಮಂದಿಯ ವಿಷಯದಲ್ಲಿ ನ್ಯಾಯಾಲಯವು ಕೇಳಿದುದೂ ಇಂಥ ಬರಹವನ್ನೇ.

ಭೋಜಪ್ರಬಂಧದ ಅಶ್ವಿನೀದೇವತೆಗಳು ಅರಸನ ಶಯ್ಯೆಯ ಬಳಿ, ಆತನು ಕಣ್ಣುತೆರೆಯುವ ತನಕ ನಿಂತಿದ್ದರು. ಸಂಜೀವನಿಯೆಂಬುದರಲ್ಲಿ ಮನುಷ್ಯನ ಕೈಗೆ ಎಟುಕುವ ಭಾಗವು ಅಷ್ಟೇ.